ಒಂದೇ ನಂಬರಿನ ಬೀದಿ, ಒಂದೇ ತೋಳಿನ ಲೆಕ್ಕ

ಎಣಿಸದೆಯೇ ಎಲ್ಲರನ್ನೂ ಬಲ್ಲ ಭಗವಂತನಿಗೆ ವಂದಿಸಿ, ಚಳಿಗಾಲದ ಈ ಎರಡನೆಯ ಗುರುವಾರ, ಪ್ರಾತಃಕಾಲದ ಪ್ರಾರ್ಥನೆ ಮುಗಿಸಿ, ಎಣಿಸಿಯೂ ನಮ್ಮನ್ನರಿಯದ ತಮಗೆ ಬರೆಯಲು ಕುಳಿತಿದ್ದೇನೆ.

ಮಾನ್ಯ ಲಸಿಕಾಧಿಕಾರಿಗಳೇ,

ನಮ್ಮ ಬೀದಿಯ ವೃದ್ಧರಲ್ಲಿ ಈ ಚಳಿಗಾಲದ ಬೂಸ್ಟರ್ ಲಸಿಕೆ ಪಡೆದವರು ಒಬ್ಬರೇ ಎಂದೂ, ಇಂಥ ನಿರಾಸಕ್ತರಿಗಾಗಿ ಬೀದಿಯ ಕೊನೆಯಲ್ಲಿರುವ ಲಸಿಕಾ ಕೊಠಡಿಯನ್ನು ತೆರೆದಿಡುವುದು ವ್ಯರ್ಥವಾದ್ದರಿಂದ ತಿಂಗಳ ಕೊನೆಗೆ ಮುಚ್ಚಲಾಗುವುದೆಂದೂ ತಾವು ಅದರ ಬಾಗಿಲಿಗೆ ಪ್ರಕಟಣೆ ಅಂಟಿಸಿದ್ದೀರಿ. ಅದನ್ನು ನಾವು ಗುಂಪುಗೂಡಿ ಓದಿದೆವು. ಓದುತ್ತಿದ್ದವರೆಲ್ಲ ಸೂಜಿ ಚುಚ್ಚಿಸಿಕೊಂಡ ತೋಳನ್ನು ಇನ್ನೂ ನೀವಿಕೊಳ್ಳುತ್ತಿದ್ದರು. ಹಾಗಾದರೆ ತಮ್ಮ ಕಣ್ಣಿಗೆ ಬಿದ್ದ ಆ ಏಕೈಕ ಪುಣ್ಯಾತ್ಮ ಯಾರು?

ಮೂಲೆಯಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ನಮ್ಮ ಗಡಿಯಾರದಣ್ಣ. ಬೀದಿಯ ಮುದುಕರಲ್ಲಿ ಕೆಲವರಿಗೆ ಫೋನಿಲ್ಲ. ಇದ್ದವರಿಗೆ ಅದೆಲ್ಲಿದೆಯೆಂದು ತಿಳಿಯದು. ತಿಳಿದವರಿಗೆ ಕಿವಿ ಕೇಳಿಸದು. ಆದಕಾರಣ ಯಾವ ಕಚೇರಿ ನಂಬರ್ ಕೇಳಿದರೂ ನಾವೆಲ್ಲ ಅವನದನ್ನೇ ಕೊಡುವುದು ವಾಡಿಕೆ. ಕರೆ ಬಂದರೆ ಅವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಬಂದು, ಬಾಗಿಲು ತಟ್ಟಿ, ವಿಷಯ ತಿಳಿಸಿ ಹೋಗುತ್ತಾನೆ. ಲಸಿಕೆಯ ದಿನವೂ ಎಲ್ಲರೂ ಅವನ ನಂಬರನ್ನೇ ಬರೆಸಿದೆವು.

ತಮ್ಮ ಕಚೇರಿಗೆ ಬಂದು ವಿಚಾರಿಸಲಾಗಿ, ಗುಮಾಸ್ತರು ಬಹು ಸಮಾಧಾನದಿಂದಲೇ ತಿಳಿಹೇಳಿದರು: "ಅಜ್ಜಾ, ಒಂದು ನಂಬರ್ ಅಂದ್ರೆ ಒಬ್ಬ ಮನುಷ್ಯ. ಮಿಕ್ಕಿದ್ದೆಲ್ಲ ನಕಲು ಅಂತ ಕಂಪ್ಯೂಟರೇ ತೆಗೆದುಹಾಕುತ್ತೆ."

ವಿನೋದವೇನೆಂದರೆ, ಲಸಿಕೆಯ ಮರುದಿನ ಜ್ವರವುಂಟೇ ಎಂದು ಕೇಳಲು ತಮ್ಮದೇ ಕಚೇರಿಯ ಇನ್ನೊಂದು ಮೇಜಿನಿಂದ ಗಡಿಯಾರದಣ್ಣನಿಗೆ ಬೆಳಗಿನಿಂದ ಸಂಜೆಯವರೆಗೆ ಕರೆಗಳು ಬಂದಿದ್ದವು, ಪ್ರತಿಸಲವೂ ಬೇರೆ ಹೆಸರಿಗೆ. ಬೇಸತ್ತ ಅವನು ಕೊನೆಗೆ, "ಇಡೀ ಬೀದಿ ಚೆನ್ನಾಗಿದೆಯಮ್ಮಾ, ನನ್ನ ಕಿವಿಯೊಂದು ಕಾದಿದೆ" ಎಂದನಂತೆ. ಕುಶಲ ಕೇಳುವಾಗ ನಾವು ಬೀದಿ ತುಂಬ ಜನ. ಲೆಕ್ಕ ಒಪ್ಪಿಸುವಾಗ ಒಬ್ಬ. ಇದಾವ ಗಣಿತ, ಸ್ವಾಮೀ?

ನಗೆ ಅಲ್ಲಿಗೆ ಸಾಕು. ಹೋದ ಚಳಿಗಾಲ ಲಸಿಕೆ ತಪ್ಪಿಸಿಕೊಂಡ ನನ್ನಕ್ಕ ಶೀತಜ್ವರ ಎದೆಗಿಳಿದು ಆಸ್ಪತ್ರೆ ಸೇರಿ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಬದುಕಿದವಳು. ಈ ಸಲ ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಮೆಟ್ಟಿಲಿಲ್ಲದ ಈ ಕೊಠಡಿಗೆ ತಾನೇ ನಡೆದು ಬಂದಳು. ಇದು ಮುಚ್ಚಿದರೆ ಊರಾಚೆಯ ದೊಡ್ಡಾಸ್ಪತ್ರೆಯ ಮೇಲಂತಸ್ತಿಗೆ ಹೋಗಬೇಕು. ಹೊತ್ತುಕೊಂಡಾದರೂ ಹೋಗುತ್ತೇವೆಂದೆ. "ಹೊರೋಕೆ ನಾನೇನು ಮೂಟೆಯೇನೋ? ಇಲ್ಲಿದ್ರೆ ಹಾಕಿಸ್ಕೋತೀನಿ. ಇಲ್ದಿದ್ರೆ ಇಲ್ಲ" ಎಂದಳು. ಅವಳ ಮಾತನ್ನು ಮೀರಿದವರು ನಮ್ಮ ಮನೆಯಲ್ಲಿ ಇದುವರೆಗೆ ಹುಟ್ಟಿಲ್ಲ.

ಆದುದರಿಂದ ನನ್ನ ಬೇಡಿಕೆ: ಫೋನುಗಳನ್ನಲ್ಲ, ತೋಳುಗಳನ್ನು ಎಣಿಸಿ. ಎರಡೂ ಮೇಜುಗಳ ಲೆಕ್ಕವನ್ನು ಎದುರುಬದುರು ಇಟ್ಟು ತಾಳೆ ನೋಡಿ. ಅಲ್ಲಿಯವರೆಗೆ ಆ ಬಾಗಿಲಿಗೆ ಬೀಗ ಬೀಳದಿರಲಿ. ಸಂಶಯವಿದ್ದರೆ ಒಂದು ಬೆಳಿಗ್ಗೆ ಬನ್ನಿ, ಸಾಲಾಗಿ ನಿಂತು ತೋಳೇರಿಸುತ್ತೇವೆ.

ಸೂಜಿ ಹಿಡಿದ ನರ್ಸಮ್ಮನ ಕೈ ಹಗುರವಾಗಿರಲಿ. ಗಡಿಯಾರದಣ್ಣನ ಕಿವಿ ತಂಪಾಗಿರಲಿ. ಗುಮಾಸ್ತರಿಗೂ ತಮಗೂ ದೇವರು ನಮ್ಮ ವಯಸ್ಸನ್ನು ಕರುಣಿಸಲಿ, ಅಂದು ತಮ್ಮ ಮನೆಯ ಹತ್ತಿರವೇ ಮೆಟ್ಟಿಲಿಲ್ಲದ ಒಂದು ಕೊಠಡಿ ತೆರೆದಿರಲಿ.

ಇಂತಿ,
ತಮ್ಮ ಕಡತದಲ್ಲಿ ಗಡಿಯಾರದಣ್ಣನ ನಕಲಾಗಿ ಅಳಿಸಿಹೋದ,
ಆದರೂ ಉಸಿರಾಡುತ್ತಿರುವ ಒಬ್ಬ ಹಿರಿಯ