ಪಕ್ಕದ ಬಾಗಿಲಿನಿಂದ ಹೋದವನಿಗೆ

ತಾ. ೧೨, ಮಂಗಳವಾರ
ಲಾಂಡ್ರಿಯಿಂದ, ಮಧ್ಯಾಹ್ನ

ಪ್ರೀತಿಯ ಅಳಿಯನಿಗೆ,

ನಿನ್ನ ಅತ್ತೆ ಕರ್ತನ ಹೆಸರಿನಲ್ಲಿ ಹೇಳುವ ವಂದನೆಗಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ರೂಢಿ. ಮಂಡಿ ನೋವೊಂದನ್ನು ಬಿಟ್ಟರೆ ನಾನು ಕ್ಷೇಮವೇ. ಉಳಿದವರ ವಿಷಯ ಒಂದೊಂದಾಗಿ ಹೇಳುತ್ತೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇದು ನಾನು ಬರೆಯುತ್ತಿರುವ ಮೂರನೆಯದು. ಮೊದಲನೆಯದರ ತುಂಬ ಬೈಗುಳವೇ ಇತ್ತು, ಹರಿದುಹಾಕಿದೆ. ಎರಡನೆಯದರ ತುಂಬ ಬರೀ ಅಳು. ಮಾರನೆಯ ದಿನ ಓದಿದರೆ ನನಗೇ ನಗು ಬಂತು, ಅದನ್ನೂ ಹರಿದೆ. ಇದರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರುತ್ತದೆ, ಹೊಟ್ಟೆಗೆ ಹಾಕಿಕೋ. ಅಳಿಯನಿಗೆ ಬಹುವಚನ ಕೊಡಬೇಕೆಂದು ನನಗೂ ಗೊತ್ತು. ಆದರೆ ನೀನು ನಮ್ಮ ಲಾಂಡ್ರಿಗೆ ಮೊದಲು ಬಂದದ್ದು ಇಸ್ತ್ರಿ ಕೆಲಸಕ್ಕೆ, ಅಳಿಯನಾದದ್ದು ಆಮೇಲೆ. ಆಗ ಬಾಯಿಗೆ ಹತ್ತಿದ ಏಕವಚನ ಇನ್ನು ಹೋಗುವ ಹಾಗಿಲ್ಲ.

ಮೊದಲು ಅಂಗಡಿಯ ಸುದ್ದಿ. ನಿನ್ನ ಮೇಜಿನ ಮುಂದೆ ಈಗ ನಿನ್ನ ಮಾವ ನಿಲ್ಲುತ್ತಿದ್ದಾರೆ. ಇನ್ನು ನನ್ನ ಕೈಲಾಗದು ಅಂತ ಕುರ್ಚಿ ಹಿಡಿದು ಕೂತಿದ್ದವರು, ಬೆಳಿಗ್ಗೆ ನನಗಿಂತ ಮೊದಲು ಬಂದು ಇಸ್ತ್ರಿ ಪೆಟ್ಟಿಗೆ ಬಿಸಿಗಿಡುತ್ತಾರೆ. ಹುರುಪೇನೋ ಇದೆ, ಕಣ್ಣು ಮೊದಲಿನ ಹಾಗಿಲ್ಲ. ಹೋದ ವಾರ ಒಬ್ಬ ವಕೀಲರ ಕರಿ ಪ್ಯಾಂಟಿನ ಹಿಂಭಾಗದಲ್ಲಿ ಪೆಟ್ಟಿಗೆಯ ಅಚ್ಚು ಹೊಡೆದು ಬಿಟ್ಟರು. ವಕೀಲರು ಬಂದು ಕೂಗಾಡಿದರೆ, ಕೋಟು ಉದ್ದ ಇರುತ್ತದಲ್ಲ ಸಾರ್, ಅಲ್ಲಿ ಯಾರು ನೋಡುತ್ತಾರೆ ಅಂತ ಸಮಾಧಾನ ಬೇರೆ ಹೇಳಿದರು. ನಾನು ಕೈಮುಗಿದು ಅವರನ್ನು ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಬೇರೆ ಇಸ್ತ್ರಿಯವನನ್ನು ಇಡೋಣ ಅಂದರೆ ಈ ಮನುಷ್ಯ ಕೇಳುವುದಿಲ್ಲ. ಅವನು ಬರುತ್ತಾನೆ, ಅಲ್ಲಿಯವರೆಗೆ ನಾನು ನಿಲ್ಲುತ್ತೇನೆ ಅನ್ನುವುದೊಂದೇ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಎರಡು ಶನಿವಾರ ನೀನಿರುವ ಚಿಕಿತ್ಸಾ ಕೇಂದ್ರಕ್ಕೆ ಬಂದಳು. ಎರಡು ಸಲವೂ ನೀನು ಮಹಡಿ ಇಳಿದು ಬರಲಿಲ್ಲ. ನಿನ್ನಿಂದ ಅವಳಿಗೆ ಆದದ್ದು ಸಾಕು, ಅವಳು ತನ್ನ ಬದುಕು ತಾನು ನೋಡಿಕೊಳ್ಳಲಿ ಅಂತ ವಾರ್ಡನ್ ಬಾಯಲ್ಲಿ ಹೇಳಿಸಿದೆಯಂತೆ. ಅವಳು ಗೇಟಿನ ಪಕ್ಕದ ಬೆಂಚಿನ ಮೇಲೆ ಭೇಟಿಯ ಹೊತ್ತು ಮುಗಿಯುವ ತನಕ ಕೂತಿದ್ದು ವಾಪಸು ಬಂದಳು. ಬಂದವಳು ನಿನ್ನ ಮೇಲೆ ಒಂದು ದೂರೂ ಹೇಳಲಿಲ್ಲ. ಅಲ್ಲಿ ಹಾಸಿಗೆ ಬಟ್ಟೆಗಳನ್ನು ಸರಿಯಾಗಿ ಹಿಂಡದೆ ಒಣಹಾಕುತ್ತಾರೆ ಅಂತ ದೂರಿದಳು. ನನಗೆ ಎಲ್ಲಿತ್ತೋ ಕೋಪ. ಮೊದಲ ಕಾಗದ ಬರೆದದ್ದು ಆಗಲೇ. ಈ ಶನಿವಾರ ಅವಳು ಮತ್ತೆ ಬರುತ್ತಾಳೆ. ಈ ಸಲ ನೀನು ಕೆಳಗೆ ಬರಬೇಕು. ಈ ಕಾಗದ ಇರುವುದೇ ಅದಕ್ಕೆ. ಮುಂದೆ ಓದಲು ಮನಸ್ಸಿಲ್ಲದಿದ್ದರೆ ಅಷ್ಟನ್ನಾದರೂ ತಿಳಿದುಕೊಂಡು ಮಡಚಿಡು.

ಓದುತ್ತೀಯಾದರೆ ಕೇಳು. ಆ ಭಾನುವಾರ ನೀನು ಆ ಬೇರೆ ಸಭೆಯವರ ದೇವಾಲಯದ ಪಕ್ಕದ ಬಾಗಿಲಿನಿಂದ ಹೊರಟುಹೋದೆ. ಆಮೇಲೆ ಒಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇಲ್ಲಸಲ್ಲದ್ದನ್ನೆಲ್ಲ ಊಹಿಸಿಕೊಂಡು ಮೇಲೆ ಕೂತಿದ್ದೀಯ ಅಂತ ನನ್ನ ಅನುಮಾನ.

ನೀನು ಕುಡಿತ ಬಿಟ್ಟು ಎರಡು ವರ್ಷವಾಗುವಷ್ಟರಲ್ಲಿ ನಮ್ಮ ಚರ್ಚಿನ ಸಭೆಯವರು ನಿನ್ನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ದೇವಾಲಯದ ಸೂಚನಾ ಫಲಕದಲ್ಲಿ ನಿನ್ನ ಫೋಟೋ, ಅದರ ಮೇಲೆ ‘ಜಯ ಹೊಂದಿದವರು’ ಅಂತ ದಪ್ಪ ಅಕ್ಷರ. ಆಗಾಗ ಬೇರೆ ಬೇರೆ ಸಭೆಗಳಿಗೆ, ಕರ್ತನು ನಿನ್ನ ಕುಡಿತ ಬಿಡಿಸಿದ್ದಕ್ಕೆ ಸಾಕ್ಷಿ ಹೇಳಲು ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾವೂ ಜೊತೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆವಲ್ಲ, ಚಪ್ಪಾಳೆ ಬೀಳುವ ಜಾಗ ನನಗೆ ಬಾಯಿಪಾಠವಾಗಿತ್ತು. ಆ ದಿನದಿಂದ ಇವತ್ತಿನವರೆಗೆ ಒಂದು ತೊಟ್ಟೂ ಮುಟ್ಟಿಲ್ಲ ಅಂತ ನೀನು ಹೇಳಬೇಕು, ಜನ ಚಪ್ಪಾಳೆ ತಟ್ಟಬೇಕು. ಆ ಭಾನುವಾರ ಆ ಜಾಗಕ್ಕೆ ಬಂದವನು ನಿಂತುಬಿಟ್ಟೆ. ನೀರಿನ ಲೋಟ ಎತ್ತಿಕೊಂಡು, ಕುಡಿಯದೆ ಹಾಗೇ ಇಟ್ಟೆ. ಆಮೇಲೆ ಹೇಳಿದೆ:

“ನಾನು ಹೋದ ವಾರ ಕುಡ್ದಿದ್ದೀನಿ. ನಿನ್ನೇನೂ ಕುಡ್ದಿದ್ದೀನಿ. ಇಲ್ಲಿ ನಿಂತ್ಕೊಂಡು ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ.”

ಅಷ್ಟು ಹೇಳಿ ಹೋದೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಅಭ್ಯಾಸಬಲದಿಂದ ಎರಡು ಚಪ್ಪಾಳೆ ತಟ್ಟಿ, ಏನು ಮಾಡುತ್ತಿದ್ದೇನೆಂದು ಅರಿವಾಗಿ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅಷ್ಟರಲ್ಲಿ ನಿನ್ನ ಹೆಂಡತಿ ಎದ್ದು ನಿಂತಳು. ನಾಲ್ಕು ಜನರ ಮುಂದೆ ಬಾಯಿ ತೆರೆಯದ ಹುಡುಗಿ ಅವಳು, ನಿನಗೇ ಗೊತ್ತು. ಈಗ ಹೋದವರು ನನ್ನ ಗಂಡ, ಅವರಿಗೋಸ್ಕರ ಪ್ರಾರ್ಥನೆ ಮಾಡಿ ಅಂದಳು. ಕುರ್ಚಿಯ ಮೇಲೆ ಬಿಟ್ಟಿದ್ದ ನಿನ್ನ ಕೋಟು ಎತ್ತಿಕೊಂಡು ನಿನ್ನ ಹಿಂದೆಯೇ ಓಡಿದಳು. ನೀನು ಆಗಲೇ ಬಸ್ಸು ಹತ್ತಿಯಾಗಿತ್ತು.

ಆ ಬಸ್ಸು ನಿನ್ನನ್ನು ಯಾವ ಬಾರಿನ ಮುಂದೆ ಇಳಿಸಿತೋ ಅಂತ ನಾವು ಸಂಜೆಯವರೆಗೆ ಕಂಡಕಂಡಲ್ಲಿ ಹುಡುಕಿದೆವು. ನೀನು ನೋಡಿದರೆ ನೆಟ್ಟಗೆ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ನಿನ್ನಷ್ಟಕ್ಕೆ ನೀನೇ ಸೇರಿಕೊಂಡಿದ್ದೆ. ಮೊದಲ ಸಲ ನಾವು ನಾಲ್ಕು ಜನ ಹಿಡಿದುಕೊಂಡು ಹೋಗಿ ಸೇರಿಸಬೇಕಾಗಿತ್ತು. ನಿನ್ನ ಮಾವನ ಮೊಣಕೈಯಲ್ಲಿ ನೀನು ಕಚ್ಚಿದ ಗುರುತು ಈಗಲೂ ಇದೆ. ಈ ಸಲ ಯಾರೂ ಎಳೆಯಲಿಲ್ಲ. ಅದು ಸಣ್ಣ ವಿಷಯವೇನಪ್ಪಾ? ನೀನು ಹಾಗಂದುಕೊಂಡರೂ ನಾನು ಒಪ್ಪುವುದಿಲ್ಲ.

ಹಾಗಂತ ಕೋಪವಿಲ್ಲ ಅಂತಲ್ಲ. ಹೋಟೆಲಿಗೆ ಮೇಜಿನ ಬಟ್ಟೆ ಕೊಡಲು ಹೋದಾಗ ಹಿತ್ತಿಲ ಬಾಗಿಲಲ್ಲಿ ಒಂದು ಲೋಟ, ಆಮೇಲೆ ಬಾಯಿಗೆ ಪೆಪ್ಪರಮಿಂಟು, ಆಮೇಲೆ ನನ್ನ ಮುಂದೆ ನಿಂತು ಏನೂ ಆಗದವನ ಹಾಗೆ ಶರ್ಟಿಗೆ ಇಸ್ತ್ರಿ. ಸೋಪಿನ ವಾಸನೆ ಕುಡಿದು ಕುಡಿದು ಇವಳ ಮೂಗು ಸತ್ತಿದೆ ಅಂದುಕೊಂಡೆಯಲ್ಲ, ಅದಕ್ಕೆ ಕೋಪ. ನನ್ನ ಮೂಗಿಗೆ ನಿಜವಾಗಿಯೂ ಗೊತ್ತಾಗಲಿಲ್ಲ, ಅದಕ್ಕೆ ಇನ್ನೂ ಕೋಪ.

ಆದರೆ ಹೋದ ಗುರುವಾರ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಮಧ್ಯಾಹ್ನ ಒಬ್ಬ ಬಸ್ ಕಂಡಕ್ಟರ್ ಅಂಗಡಿಗೆ ಬಂದ. ಚೀಲದಿಂದ ಒಂದು ಅಂಗಿ ತೆಗೆದು ಕೊಟ್ಟ. ಬಿಡಿಸಿ ನೋಡಿದರೆ ಒಗೆದು ಇಸ್ತ್ರಿ ಮಾಡಿದ ಅಂಗಿ, ಮಡಿಕೆ ಕೂಡ ಮುರಿದಿಲ್ಲ. ಇದನ್ನೇನು ಮಾಡಲಪ್ಪಾ, ಕೊಳೆ ಮಾಡಿ ಕೊಡಲಾ ಅಂತ ಕೇಳಿದೆ. ಪಾಪ, ನಗಲೂ ಇಲ್ಲ. ಹಿಂದೆ ಮುಂದೆ ನೋಡಿ, ಆ ಭಾನುವಾರ ನಮ್ಮ ದೇವಾಲಯದಲ್ಲಿ ಮಾತಾಡಿದವರು ಇಲ್ಲಿಯವರಂತೆ, ಅವರನ್ನು ನೋಡಬೇಕಿತ್ತು ಅಂದ. ಜಗಳಕ್ಕೆ ಬಂದಿದ್ದಾನೆ ಅಂದುಕೊಂಡೆ. ಆದರೂ ಒಳಗೆ ಕರೆದು ಸ್ಟೂಲು ಹಾಕಿ ಚಹಾ ಕೊಟ್ಟೆ.

ಅವನ ಕಥೆ ಹೀಗೆ. ಎಷ್ಟೋ ವರ್ಷದಿಂದ ಡ್ಯೂಟಿ ಮುಗಿಸಿ ಕುಡಿದು, ಮುಖ ತೊಳೆದುಕೊಂಡು ಮನೆಗೆ ಹೋಗುತ್ತಿದ್ದ. ಎರಡನೇ ಪಾಳಿ ಮಾಡಿ ದಣಿದು ಬರುತ್ತಾನೆ ಅಂತ ಅವನ ಹೆಂಡತಿ ಕಾಲೊತ್ತುತ್ತಿದ್ದಳಂತೆ. ಅವರ ದೇವಾಲಯದಲ್ಲೂ ಬೇಕಾದಷ್ಟು ಜನರ ಸಾಕ್ಷಿ ಕೇಳಿದ್ದಾನೆ. ಎಲ್ಲರೂ ಎದ್ದವರು, ಎದ್ದ ಮೇಲೆ ಬೀಳದವರು. ಪ್ರತಿ ಸಾಕ್ಷಿ ಕೇಳಿದಾಗಲೂ ಅವನು ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿ ಕೂರುತ್ತಿದ್ದನಂತೆ.

“ಗೆದ್ದೋರ ಮುಂದೆ ಹೋಗಿ ಏನಂತ ಬಾಯಿ ಬಿಡ್ಲಿ ಅಮ್ಮಾ? ಅವರು ಬಿದ್ದಿದ್ದೀನಿ ಅಂದ್ರಲ್ಲ, ಅವತ್ತೇ ಮನೆಗೆ ಹೋಗಿ ಹೆಂಡ್ತಿಗೆ ಹೇಳ್ದೆ.”

ಅವತ್ತಿನಿಂದ ಮುಟ್ಟಿಲ್ಲ ತಾನೇ ಅಂತ ನಾನು ಕೇಳಿದೆ, ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ಸಲ ಮುಟ್ಟಿದೆ, ಅದನ್ನೂ ಅವಳಿಗೆ ಹೇಳಿದೆ ಅಂದ. ಹೇಳುವಾಗ ಮುಖ ನಿರಾಳವಾಗಿತ್ತು. ಆ ಅಂಗಿಯನ್ನು ನಾನು ಹಾಗೇ ವಾಪಸು ಕೊಟ್ಟೆ. ನೀನು ಊರೂರು ತಿರುಗಿ ಹೇಳಿದ ಸಾಕ್ಷಿಗಳೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಕಂಡಕ್ಟರನ ಮನೆಗೆ ಕರ್ತನು ಹೋದದ್ದು ನೀನು ತಲೆ ತಗ್ಗಿಸಿ ಹೇಳಿದ ಆ ಮಾತಿನ ಕೈ ಹಿಡಿದುಕೊಂಡು. ನೀನು ನಾಚಿ ಸಾಯುತ್ತಿರುವುದು ಅದೇ ಮಾತಿಗೆ.

ನಮ್ಮ ಪಾಸ್ಟರೂ ಬಂದಿದ್ದರು. ಅಂಗಡಿಯಲ್ಲಿ ಬೇರೆ ಜಾಗವಿಲ್ಲದೆ ಆಸ್ಪತ್ರೆಯ ಬಟ್ಟೆಯ ಗಂಟಿನ ಮೇಲೆ ಕೂತರು. ಒಗೆದಿಲ್ಲ ಪಾಸ್ಟರೇ ಅಂದೆ, ಪರವಾಗಿಲ್ಲ ಅಂದರು. ನಿನ್ನನ್ನು ತುಂಬಾ ಬೇಗ ವೇದಿಕೆ ಹತ್ತಿಸಿಬಿಟ್ಟೆವು, ಇಳಿಯಲು ದಾರಿ ಬಿಡಲಿಲ್ಲ ಅಂತ ಬಹಳ ನೊಂದುಕೊಂಡರು. ನಿನ್ನ ಫೋಟೋ ಕಿತ್ತು ಹಾಕಬೇಕು ಅಂತ ಕಮಿಟಿಯ ಇಬ್ಬರು ಹಟ ಹಿಡಿದಿದ್ದರಂತೆ. ಪಾಸ್ಟರು ಆ ದಪ್ಪ ಅಕ್ಷರವನ್ನೇ ಕಿತ್ತುಹಾಕಿ, ಫೋಟೋವನ್ನು ತಾವೇ ತಂದು ನನ್ನ ಮಗಳ ಕೈಗೆ ಕೊಟ್ಟರು. ಈಗ ಅದು ನಿಮ್ಮ ಕೋಣೆಯ ಕಿಟಕಿಯ ಹತ್ತಿರ ಇದೆ. ಇನ್ನು ಮುಂದೆ ವಾರಕ್ಕೊಂದು ಸಂಜೆ ದೇವಾಲಯದ ಹಿಂದಿನ ಕೋಣೆಯಲ್ಲಿ ಬಿದ್ದವರೂ ಏಳುತ್ತಿರುವವರೂ ಕೂತು ಮಾತಾಡಬಹುದಂತೆ. ವೇದಿಕೆ ಇಲ್ಲ, ಮೈಕು ಇಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಕಂಡಕ್ಟರ್ ಮೊದಲ ದಿನವೇ ಬಂದ. ಚಹಾ ಕೊಡುವ ನೆಪದಲ್ಲಿ ನಾನು ಬಾಗಿಲ ಹತ್ತಿರ ಕಿವಿ ಕೊಟ್ಟು ನಿಂತಿದ್ದೆ. ಪಾಸ್ಟರು ನೋಡಿ, ಒಳಗೆ ಬಂದು ಕೂತುಕೊಳ್ಳಿ ಇಲ್ಲ ಮನೆಗೆ ಹೋಗಿ ಅಂದರು. ಮನೆಗೆ ಬಂದೆ.

ಮಗನೇ, ನಾನೂ ಕರ್ತನ ಹತ್ತಿರ ಜಗಳವಾಡಿದೆ. ಇಷ್ಟು ದಿನ ಹಿಡಿದುಕೊಂಡಿದ್ದ ಕೈಯನ್ನು ಆ ಹೋಟೆಲಿನ ಬಾಗಿಲಲ್ಲಿ ಯಾಕೆ ಬಿಟ್ಟೆ ಸ್ವಾಮೀ ಅಂತ ಬಟ್ಟೆ ನೆನೆಹಾಕುತ್ತ ಕೇಳಿದೆ. ಆಸ್ಪತ್ರೆಯ ಡ್ರೈವರ್ ಬಂದು ಇನ್ನೊಂದು ಗಂಟು ಎಸೆದು ಹೋದ. ಹೋದ ವಾರ ನಾನೇ ಬೆಳ್ಳಗೆ ಒಗೆದು ಕಳಿಸಿದ್ದ ಬಟ್ಟೆಗಳು. ಅದನ್ನು ನೋಡುತ್ತ ನಿಂತಾಗ ನನಗೆ ಅನ್ನಿಸಿತು: ಒಂದು ಸಲ ಒಗೆದದ್ದು ಮತ್ತೆ ಕೊಳೆಯಾಗುವುದಿಲ್ಲ ಅಂತಿದ್ದರೆ ನಮ್ಮ ಲಾಂಡ್ರಿ ಎಂದೋ ಬಾಗಿಲು ಹಾಕಬೇಕಿತ್ತು. ಯಾವ ಗಿರಾಕಿಗಾದರೂ, ಹೋದ ವಾರ ತಾನೇ ಒಗೆದು ಕೊಟ್ಟಿದ್ದೆ, ಮತ್ತೆ ಯಾವ ಮುಖ ಹೊತ್ತು ತಂದೆ ಅಂತ ನಾನು ಕೇಳಿದ್ದುಂಟಾ? ಗಂಟು ಬಿಚ್ಚುತ್ತೇನೆ, ನೆನೆಹಾಕುತ್ತೇನೆ. ಬಾಯಿಬಡುಕಿ ನನಗೇ ಅಷ್ಟು ತಾಳ್ಮೆ ಇರುವಾಗ, ನಿನ್ನನ್ನು ಹುಟ್ಟಿಸಿದವನಿಗೆ ಇಲ್ಲದೆ ಹೋಗುತ್ತದಾ? ಅವನು ನಿನ್ನನ್ನು ಯಾವ ಮುಖ ಹೊತ್ತು ಬಂದೆ ಅಂತ ಕೇಳುವುದಿಲ್ಲ. ಬಾ ಅನ್ನುತ್ತಾನೆ, ಅಷ್ಟೇ.

ಇನ್ನೊಂದು ಸಲ ಬೀಳುವುದೇ ಇಲ್ಲ ಅಂತ ನನಗೆ ಮಾತು ಕೊಡಬೇಡ. ಆ ಮಾತು ಹೊತ್ತುಕೊಂಡೇ ನಿನ್ನ ಬೆನ್ನು ಬಾಗಿದ್ದು. ಬಿದ್ದ ದಿನ ಮನೆಗೆ ಬಂದು ಹೇಳುತ್ತೇನೆ ಅಂತ ಮಾತ್ರ ಹೇಳು, ನನಗೆ ಸಾಕು. ನಾನು ಬಯ್ಯುತ್ತೇನೆ, ನಿನ್ನ ಮಾವ ಕೆಮ್ಮುತ್ತಾರೆ, ನನ್ನ ಮಗಳು ಊಟಕ್ಕೆ ತಟ್ಟೆ ಇಡುತ್ತಾಳೆ. ಆಮೇಲೆ ಎಲ್ಲರೂ ಮೊಣಕಾಲೂರೋಣ. ನನ್ನದೊಂದು ಮಂಡಿ ಮಾತ್ರ ಊರುತ್ತದೆ, ಕರ್ತನಿಗೆ ಗೊತ್ತು.

ಸರಿಯಾಗಿ ಊಟ ಮಾಡು, ಕೊಟ್ಟ ಮಾತ್ರೆ ನುಂಗು. ಪ್ರಾರ್ಥನೆಗೆ ಮಾತು ಬರದಿದ್ದರೆ ಸುಮ್ಮನೆ ಕೂತಿರು, ನಿನ್ನ ಪಾಲಿನದನ್ನು ಇಲ್ಲಿ ನಾವು ಹೇಳುತ್ತಿದ್ದೇವೆ. ಕರ್ತನು ನಿನ್ನ ನಿದ್ದೆಯನ್ನೂ ನಿನ್ನ ಎಚ್ಚರವನ್ನೂ ಕಾಯಲಿ. ನಿನ್ನ ಮಾವ ಆಶೀರ್ವಾದ ತಿಳಿಸು ಅಂದಿದ್ದಾರೆ; ಪ್ಯಾಂಟಿನ ಸಂಗತಿ ಬರೆಯಬೇಡ ಅಂತಲೂ ಅಂದಿದ್ದಾರೆ.

ನಿನ್ನ ಹಿತ ಬಯಸುವ
ಅತ್ತೆ

ತಾ.ಕ.: ಇಷ್ಟು ಉದ್ದ ಬರೆದರೂ ಬರೆಯಬೇಕಾದದ್ದನ್ನು ಬರೆದಿಲ್ಲ. ವಾರ್ಡನ್ ಕೈಯಲ್ಲಿ ನೀನು ಅಂಗಡಿಯ ಬೀಗದ ಕೈ ಕಳಿಸಿದೆಯಲ್ಲ, ಆ ಲಕೋಟೆ ಬಿಚ್ಚಿದವಳು ನಾನು. ಬೀಗದ ಕೈಯ ಹಿಂದೆಯೇ ನಿನ್ನ ಮದುವೆಯ ಉಂಗುರ ಉರುಳಿ ಬಿತ್ತು. ನನ್ನ ಮೇಲೆ ಎಷ್ಟೇ ಬೇಸರವಿದ್ದರೂ ಅದನ್ನು ನನ್ನ ಕೈಗೆ ಹಾಕಬಾರದಿತ್ತು ನೀನು. ಮಗಳಿಗೆ ಬೀಗದ ಕೈ ಬಂದಿದೆ ಅಂತ ಮಾತ್ರ ಹೇಳಿದೆ. ಉಂಗುರವನ್ನು ಬಟ್ಟೆಗಳಿಂದ ಕಿತ್ತುಬಂದ ಗುಂಡಿಗಳ ಡಬ್ಬಿಯೊಳಗೆ ಹಾಕಿಟ್ಟೆ. ಗುಂಡಿ ಹೊಲಿಯುವವಳು ಅವಳೇ ಅಂತ ಆಮೇಲೆ ಹೊಳೆದು, ಗಂಜಿ ಪುಡಿಯ ಡಬ್ಬಿಗೆ ಬದಲಾಯಿಸಿದೆ. ನಿನ್ನೆ ಕೈ ಹಾಕಿ ನೋಡಿದರೆ ಇಲ್ಲ. ಪುಡಿಯನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಿದ್ದೆ. ಅವಳು ಪಕ್ಕದಲ್ಲೇ ನಿಂತು ಅಂಗಿ ಮಡಚುತ್ತಿದ್ದಳು. ಉಂಗುರ ಅವಳ ಹೆಬ್ಬೆರಳಿನಲ್ಲಿತ್ತು. ಯಾವಾಗ ಸಿಕ್ಕಿತೋ, ಎಷ್ಟು ಅತ್ತಳೋ, ನಾನು ಕೇಳಲಿಲ್ಲ. ಅವಳು ತಲೆ ಎತ್ತದೆ ಹೇಳಿದ್ದು ಇಷ್ಟೇ:

“ನಂಗೆ ಸಡಿಲ ಆಗ್ತಿದೆ ಅಮ್ಮಾ. ಎಲ್ಲಾದ್ರೂ ಬಿದ್ದುಹೋಗೋದ್ರೊಳಗೆ ಶನಿವಾರ ಅವರ ಬೆರಳಿಗೆ ಹಾಕ್ಬಿಡ್ಬೇಕು.”