ಕಾಲು ಮುಂದಾಗಿ ಹುಟ್ಟಿದ ತಪ್ಪಿಗೆ

ಅಮ್ಮಾ,

ನಾನು ಕಾಲು ಮುಂದಾಗಿ ಹುಟ್ಟಿದವಳು ಅಂತ ಇನ್ನು ಯಾರಿಗೂ ಹೇಳಬೇಡ. ಅಂಥವರು ಒದ್ದರೆ ಉಳುಕು ಬಿಡುತ್ತಂತೆ, ಸೊಂಟ ಉಳುಕಿದವರೆಲ್ಲ ನನ್ನಿಂದ ಒದೆಸಿಕೊಳ್ಳೋಕೆ ಬರ್ತಿದ್ದಾರೆ.

ಬೆಳಿಗ್ಗೆ ನೀನು ಡೈರಿಗೆ ಹಾಲು ಹಾಕೋಕೆ ಹೋದಾಗ ತಾವರೆಕೆರೆ ಪಾಲಪ್ಪ ಮಾವ ಬಂದು, "ಮೂರು ಸಲ ಒದ್ದುಬುಡು ತಾಯಿ" ಅಂತ ಜಗಲಿ ಮೇಲೆ ಬೋರಲು ಮಲಗಿಬಿಟ್ಟರು. ಹಿರಿಯರು ಅಂತ ಮೆಲ್ಲಗೆ ಕಾಲು ತಾಗಿಸಿದರೆ, "ಜೋರಾಗಿ ಕಣಮ್ಮ" ಅಂತಾರೆ! ಮೂರನೇ ಸಲಕ್ಕೆ ಅವರು ನೆಟ್ಟಗೆ ಎದ್ದು ಹೋದರು, ನನ್ನ ಸೊಂಟ ಹಿಡಿದುಕೊಂಡಿತು.

ಸ್ಕೂಲಿಗೆ ರಜೆ ಹಾಕೋಕಾಗಲ್ಲ, ಹೊರಟೆ. ಲಕ್ಕಿ ಸೊಪ್ಪು ಹಾಕಿ ನೀರು ಕಾಯಿಸಿಡು, ಸಂಜೆ ಶಾಖ ಕೊಡಬೇಕು. ಯಾರು ಬಂದರೂ ವಾಪಸ್ ಕಳಿಸು.

ಆಮೇಲೆ, ಕಾಲು ಮುಂದಾಗಿ ಹುಟ್ಟಿದವರು ಊರಲ್ಲಿ ಇನ್ಯಾರಾದರೂ ಇದ್ದಾರಾ ವಿಚಾರಿಸಿಡು. ನನಗೆ ಅಂತ ಮಾತ್ರ ಹೇಳಬೇಡ.

ಮಧುಶ್ರೀ