ಒತ್ತಬೇಡ ಅಂದಿದ್ದೆ

ಮನೆಯಿಂದ, ಭಾನುವಾರ, ಮಾರ್ಚ್ ಹನ್ನೆರಡು

ಅಣ್ಣ ಅನ್ನಿಸಿಕೊಂಡವನಿಗೆ,

ಹೇಗಿದ್ದೀಯ? ಹೊಸ ಊರಿನ ನೀರು ಒಗ್ಗಿತಂತೆ, ಕೆಮ್ಮು ಬಿಟ್ಟಿತಂತೆ, ಅಮ್ಮ ಹೇಳಿದಳು. ಸಂತೋಷ. ಅವಳ ಮಂಡಿನೋವು ಹಾಗೇ ಇದೆ. ನಾನೂ ಇದ್ದೀನಿ, ನಿನ್ನ ದಯೆಯಿಂದ ಇಷ್ಟು ದಿನ ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿದ್ದೆ. ಕ್ಷೇಮಸಮಾಚಾರ ಇಷ್ಟೇ ಸಾಕು.

ನಿನಗೆ ಮರೆವು ಅನುಕೂಲಕ್ಕೆ ತಕ್ಕಂತೆ ಬರುತ್ತೆ, ಅದಕ್ಕೇ ಮೊದಲಿನಿಂದ ಹೇಳ್ತೀನಿ. ಆಸ್ಪತ್ರೆಯ ಸರ್ವರ್ ರೂಮಿಗೆ ನೀನು ಯಜಮಾನ, ನಾನು ಕೈಕೆಳಗಿನವಳು. ಆ ಬೆಳಿಗ್ಗೆ ಕರೆಂಟು ಹೋಯ್ತು, ಯುಪಿಎಸ್ಸೂ ಕೈಕೊಟ್ಟು ಎಲ್ಲ ಒಟ್ಟಿಗೆ ಆರಿತು. ಲ್ಯಾಬಿನವರು ಆಗಷ್ಟೇ ಕಳಿಸಿದ್ದ ಫಲಿತಾಂಶಗಳು ಇನ್ನೂ ಡಿಸ್ಕಿಗೆ ಇಳಿದಿರಲಿಲ್ಲ, ಸರ್ವರಿನೊಳಗೆ ಡಿಸ್ಕನ್ನ ನಡೆಸೋ ಕಂಟ್ರೋಲರ್ ಕಾರ್ಡಿನ ಮೆಮೊರಿಯಲ್ಲೇ ಇದ್ದವು. ಕರೆಂಟು ಹೋದರೆ ಮೆಮೊರಿ ಬರಿದಾಗುತ್ತೆ, ನಿಜ. ಆದರೆ ಆ ಕಾರ್ಡಿಗೆ ಬ್ಯಾಟರಿ ಇರೋದು ಇನ್ಯಾತಕ್ಕೆ? ಡಿಸ್ಕು ಏಳೋ ತನಕ ಒಳಗಿರೋದನ್ನ ಕಾಯೋಕೆ ತಾನೇ? ಆ ಬ್ಯಾಟರಿ ಹೊಸದು, ನಾನೇ ಹಾಕಿದ್ದು. ಕರೆಂಟು ಬಂದಾಗ ಪಕ್ಕದಲ್ಲಿರೋ ಡಿಸ್ಕಿನ ಪೆಟ್ಟಿಗೆ ಏಳೋಕೆ ಬಿಡದೆ ಸರ್ವರನ್ನೇ ಮೊದಲು ಆನ್ ಮಾಡಿದೆ ನೀನು. ಡಿಸ್ಕು ಕಾಣ್ತಿಲ್ಲ, ಬರೆಯದೆ ಉಳಿದ ಮಾಹಿತಿ ಇದೆ, ಇಟ್ಟುಕೊಳ್ಳಲೋ ಅಳಿಸಲೋ ಅಂತ ಪರದೆ ಕೇಳ್ತು. ಬೆನ್ನ ಹಿಂದೆ ಆಡಳಿತಾಧಿಕಾರಿ, ನಮ್ಮ ಗಡಿಬಿಡಿ ಸಾಹೇಬರು, "ಬೇಗ, ಬೇಗ" ಅಂತ ಕುಣೀತಿದ್ದರು. "ಅಣ್ಣಾ, ಒತ್ತಬೇಡ, ಪೆಟ್ಟಿಗೆ ಏಳಲಿ" ಅಂತ ನಾನಂದೆ. "ನೀನು ಸುಮ್ನಿರೇ" ಅಂತ ಗದರಿಸಿ ಅಳಿಸೋ ಗುಂಡಿಯನ್ನೇ ಒತ್ತಿದೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಏನಂದೆ? "ಬ್ಯಾಟರಿ ಸರಿಯಾಗಿ ಕೂತಿರಲಿಲ್ಲ, ಹಾಕಿದವಳು ನನ್ನ ತಂಗಿ, ಇನ್ನೂ ಕಲೀತಿದ್ದಾಳೆ." ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನನ್ನ ತೆಗೆದೆ! ನಾನು ಕೂಗಾಡಿದೆ, ಅಣ್ಣನ ಮೇಲೇ ಬೀಳ್ತಾಳೆ ಅಂದು ಕೆಲಸದಿಂದ ತೆಗೆದರು. ನೀನು ಹೊಸ ಕೆಲಸ ಹಿಡಿದು ಹೊರಟೆ, ಹೊಸ್ತಿಲಲ್ಲಿ ನಿಂತಿದ್ದ ನನ್ನ ಮುಖ ಕೂಡ ನೋಡಲಿಲ್ಲ.

ಅಳಿಸಿಹೋದದ್ದರಲ್ಲಿ ಒಂದು ಪುಟ್ಟ ಹುಡುಗಿಯ ಮೂಳೆಮಜ್ಜೆಯ ಪರೀಕ್ಷೆ. ತೆಗೆದ ಮಜ್ಜೆಯೆಲ್ಲ ಆ ಪರೀಕ್ಷೆಗೇ ಖರ್ಚಾಗಿತ್ತು, ಸೊಂಟದ ಮೂಳೆಗೆ ಇನ್ನೊಮ್ಮೆ ಸೂಜಿ ಹಾಕಬೇಕಾಯ್ತು. ಅವತ್ತು ನಾನು ಹೋಗಿದ್ದೆ, ಮನಸ್ಸು ತಡೀಲಿಲ್ಲ. ಅವಳ ತಾಯಿ ಬಟ್ಟೆ ಹೊಲಿಯೋಳು. "ನೀನೇ ಅಲ್ವಾ ಅಳಿಸಿದವಳು?" ಅಂತ ಕಾರಿಡಾರಿನಲ್ಲೇ ನನ್ನ ಜನ್ಮ ಜಾಲಾಡಿದಳು. ಬಾಗಿಲಾಚೆ ಮಗು ಕಿರುಚ್ತಿತ್ತು. ನಿನ್ನ ಪಾಲಿನ ಬೈಗುಳ ನಾನು ತಿಂದೆ.

ನಾನು ಬಿಡಲಿಲ್ಲ, ದಿನಾ ಆಸ್ಪತ್ರೆಗೆ ಹೋಗಿ ಜಗಳಾಡಿದೆ. ಕೊನೆಗೆ ಕಾಟ ತಾಳಲಾರದೆ ಹೊರಗಿನಿಂದ ಒಬ್ಬ ಎಂಜಿನಿಯರಮ್ಮನನ್ನ ಕರೆಸಿದರು. ಅದೇ ಕಾರ್ಡು, ಅದೇ ಬ್ಯಾಟರಿ. ಆಕೆ ಒಂದಷ್ಟು ಮಾಹಿತಿ ಬರೆಯೋಕೆ ಬಿಟ್ಟು, ನಡುವೆಯೇ ವೈರು ಕಿತ್ತು, ಊಟ ಮುಗಿಸಿ ಬಂದು ಸರ್ವರ್ ಮಾತ್ರ ಆನ್ ಮಾಡಿದರು. ಪರದೆ ಅದೇ ಪ್ರಶ್ನೆ ಕೇಳ್ತು. ಆಕೆ ಏನೂ ಒತ್ತದೆ ಪೆಟ್ಟಿಗೆ ಆನ್ ಮಾಡಿ ಕಾದರು. ಡಿಸ್ಕು ಎದ್ದ ಮೇಲೆ ಒಂದಕ್ಷರ ಬಿಡದೆ ಎಲ್ಲ ಇಳಿಯಿತು. ಬ್ಯಾಟರಿ ಕೈಕೊಟ್ಟಿದ್ದರೆ ಈ ಪ್ರಶ್ನೆಯೇ ಬರ್ತಿರಲಿಲ್ಲ ಅಂದರು. ಗಡಿಬಿಡಿ ಸಾಹೇಬರು ಮುಂದೆ ಬಂದರು. "ಅವತ್ತೂ ಇದೇ ಪ್ರಶ್ನೆ ಬಂದಿತ್ತು. ಈ ಹುಡುಗಿ ಬೇಡ ಅಂದಳು. ಅವನು ಒತ್ತಿದ, ನಾನು ಆತುರ ಮಾಡಿದೆ" ಅಂದರು, ಎಲ್ಲರ ಎದುರಿಗೆ. ನಾಳೆಯಿಂದ ನಾನು ಕೆಲಸಕ್ಕೆ, ನಿನ್ನ ಕುರ್ಚಿಗೇ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಕಡೆಯಿಂದ ಏನೂ ಇಲ್ಲ.

ಇಂತಿ,
ಇನ್ನೂ ಕಲೀತಿರೋ ನಿನ್ನ ತಂಗಿ

ತಾ.ಕ.: ಹೊಲಿಗೆಯವಳ ಮನೆಗೆ ನಿನ್ನೆ ಹೋಗಿ ನಿಜ ಹೇಳಿದೆ. ಹುಡುಗಿ ಚೇತರಿಸಿಕೊಳ್ತಿದ್ದಾಳೆ. ಸೂಜಿ ಯಾಕೆ ಎರಡು ಸಲ ಹಾಕಿದ್ರಿ ಅಂತ ಕೇಳಿದಳು. ನಿನ್ನ ನಂಬರು ಕೊಟ್ಟು ಬಂದಿದ್ದೀನಿ. ಆ ಪುಟ್ಟಿಯೇ ಮಾಡ್ತಾಳಂತೆ. ಫೋನ್ ಎತ್ತು.